ಕೆಳಗಿನ ಕೆಂಪು ದೀಪ

ಬೀರಯ್ಯ ಲಾರಿ ಕಲಿತದ್ದು ನಾರಾಯಣಪೇಟೆಯ ಒಬ್ಬ ಸೀರೆ ಸಾಹುಕಾರರ ಹತ್ತಿರ. ಅವನು ಮಕ್ತಲ್ ಪಕ್ಕದ ಹಳ್ಳಿಯ ಕುರುಬರ ಮನೆಯವನು. ಅಪ್ಪ ತೀರಿಕೊಂಡ ಮೇಲೆ ಹಿಂಡು ಅಣ್ಣ ಕಾಳಪ್ಪನ ಕೈಗೆ ಬಂತು. ಬೀರಯ್ಯನಿಗೆ ಕುರಿಯ ಹಿಂದೆ ತಿರುಗುವುದು ಸೇರಲಿಲ್ಲ. ಕಂಬಳಿ ಮಡಿಸಿಟ್ಟು ಪೇಟೆಗೆ ಹೋದ, ಲಾರಿ ತೊಳೆಯುವ ಕೆಲಸಕ್ಕೆ ನಿಂತ, ಕೆಲವೇ ವರ್ಷಗಳಲ್ಲಿ ಸ್ಟೇರಿಂಗ್ ಹಿಡಿದ.

ಅದು ದೊಡ್ಡ ಯುದ್ಧದ ಕಾಲ. ಪೆಟ್ರೋಲು ಸಿಗದೆ ಸಾಹುಕಾರರ ಲಾರಿ ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು, ಅದರ ಗ್ಯಾಸಿನಿಂದ ರಾಯಚೂರಿಗೆ ಓಡಾಡುತ್ತಿತ್ತು. ಡ್ರೈವರನ ಮುಂದಿನ ಹಲಗೆಯಲ್ಲಿ ಗಾಜಿನ ಬಿಲ್ಲೆಗಳು ಇದ್ದವು, ಆದರೆ ಒಂದರ ಮುಳ್ಳೂ ಅಲ್ಲಾಡುತ್ತಿರಲಿಲ್ಲ. ಎಂಜಿನ್ ಕಾದರೆ ಮೂಗಿಗೆ ತಿಳಿಯುತ್ತಿತ್ತು, ಎಣ್ಣೆ ಕಡಿಮೆಯಾದರೆ ಕಿವಿಗೆ ತಿಳಿಯುತ್ತಿತ್ತು. ಕಲಿಸಿದ ಮುದಿ ಡ್ರೈವರ್ ಹೇಳುತ್ತಿದ್ದ, "ಮುಳ್ಳು ನೋಡ್ಕೋಂತ ಕುಂತ್ರ ದಾರಿ ಯಾರ್ ನೋಡ್ತಾರಲೇ?" ಬೀರಯ್ಯ ಆ ಮಾತನ್ನು ವೇದವಾಕ್ಯ ಮಾಡಿಕೊಂಡ. ಅಯ್ಯಗಳ ಮಠದಲ್ಲಿ ಕನ್ನಡದ ನಾಲ್ಕಕ್ಷರ ಕಲಿತಿದ್ದನೇ ಹೊರತು ಇಂಗ್ಲಿಷ್ ಅಕ್ಷರವಾಗಲಿ ಅಂಕಿಯಾಗಲಿ ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಪ್ರಸಂಗವೂ ಬಂದಿರಲಿಲ್ಲ.

ರಜಾಕಾರರ ಗಲಾಟೆ ಹೆಚ್ಚಾದಾಗ ಸಾಹುಕಾರರು ಮನೆಮಂದಿಯನ್ನು ಕರೆದುಕೊಂಡು ಸೊಲ್ಲಾಪುರ ಸೇರಿದರು. ಲಾರಿ ರಜಾಕಾರರ ಪಾಲಾಯಿತು. ಬೀರಯ್ಯ ಊರಿಗೆ ಮರಳಿ ಮುಖ ಗಂಟು ಹಾಕಿಕೊಂಡು ಅಣ್ಣನ ಹಿಂದೆ ಕುರಿ ಕಾದ. ಆಮೇಲೆ ಪೋಲೀಸ್ ಆ್ಯಕ್ಷನ್ ಆಯಿತು, ಮಿಲಿಟರಿ ಬಂತು.

ಮಕ್ತಲ್ ಕಡೆಯಿಂದ ಗದ್ವಾಲಕ್ಕೆ ಹೋಗುವವರು ಕೃಷ್ಣೆ ದಾಟಬೇಕು. ರೇವಿನಲ್ಲಿದ್ದ ದೊಡ್ಡ ಮರದ ದೋಣಿಯನ್ನು ಗಲಾಟೆಯಲ್ಲಿ ಯಾರೋ ಸುಟ್ಟಿದ್ದರು. ಉಳಿದದ್ದು ಅಯ್ಯಣ್ಣನೆಂಬ ಅಂಬಿಗನ ಮತ್ತು ಅವನ ದಾಯಾದಿಗಳ ಹರಿಗೋಲುಗಳು. ಅವು ಜನರನ್ನು ಸಾಗಿಸಿಯಾವು, ಮಿಲಿಟರಿಯ ಧಾನ್ಯದ ಚೀಲಗಳನ್ನು ಎಷ್ಟೆಂದು ಸಾಗಿಸಿಯಾವು? ಅದಕ್ಕೆ ಮಿಲಿಟರಿಯವರು ಒಂದು ವಿಚಿತ್ರ ಗಾಡಿ ತಂದರು. ಮುಂದೆ ದೋಣಿಯ ಮೂತಿ, ಕೆಳಗೆ ಆರು ಗಾಲಿ, ಹಿಂದೆ ನೀರು ಕಡೆಯುವ ರೆಕ್ಕೆ. ರಸ್ತೆಯ ಮೇಲೆ ಲಾರಿಯಂತೆ ಬಂದು, ನಿಲ್ಲದೆ ಹೊಳೆಗಿಳಿದು, ಆಚೆ ದಂಡೆಗೆ ನೀರು ಸುರಿಸುತ್ತ ಏರುತ್ತಿತ್ತು. ಮೊದಲ ದಿನ ನೋಡಲು ನಿಂತ ಹೆಂಗಸರು ಹೋ ಎಂದು ಹಿಂದೆ ಸರಿದರಂತೆ. ಜನ ಅದನ್ನು ಮೊಸಳಿ ಲಾರಿ ಎಂದರು.

ಮಿಲಿಟರಿ ಹೊರಡುವಾಗ ಆ ಗಾಡಿಯನ್ನು ರಸ್ತೆ ಇಲಾಖೆಗೆ ಬಿಟ್ಟುಹೋಗುವುದೆಂದು ಆಯಿತು. ಓಡಿಸಲು ಆಳು ಬೇಕಿತ್ತು. ಲಾರಿ ಗೊತ್ತಿದ್ದವರು ಸುತ್ತಲಲ್ಲಿ ಬೀರಯ್ಯ ಒಬ್ಬನೇ. ಒಬ್ಬ ಪಂಜಾಬಿ ಹವಾಲ್ದಾರ ಪಕ್ಕ ಕೂತು ಕಲಿಸಿದ. ನೆಲದ ಮೇಲೆ ಓಡಿಸುವುದು ಬೀರಯ್ಯನಿಗೆ ಆಟ. ನೀರಿಗಿಳಿದಾಗ ಯಾವ ಹಿಡಿ ಎಳೆಯಬೇಕು, ಸೆಳವಿಗೆ ಎಷ್ಟು ಓರೆ ಹೋಗಬೇಕು, ಅದೂ ಬೇಗ ಬಂತು. ಆದರೆ ಈ ಗಾಡಿಯ ಹಲಗೆಯಲ್ಲಿ ಮುಳ್ಳುಗಳೆಲ್ಲ ಬದುಕಿದ್ದವು. ಹವಾಲ್ದಾರ ಒಂದೊಂದರ ಮೇಲೂ ಬೆರಳಿಟ್ಟು ಹಿಂದುಸ್ತಾನಿಯಲ್ಲಿ ಗಡಗಡ ಹೇಳಿದ. ಎಣ್ಣೆಯ ಒತ್ತಡ, ನೀರಿನ ಕಾವು, ಬ್ಯಾಟರಿ, ಪೆಟ್ರೋಲು, ಟಯರಿನ ಗಾಳಿ. ಅವುಗಳ ಪಕ್ಕ ಒಂದರ ಕೆಳಗೊಂದು ಗುಲಗಂಜಿಯಷ್ಟು ದೊಡ್ಡ ಎರಡು ಕೆಂಪು ದೀಪಗಳು. ಒಂದು ಮುಂದಿನ ದೊಡ್ಡ ದೀಪ ದೂರಕ್ಕೆ ಚಾಚಿ ಉರಿಯುತ್ತಿದೆ ಎಂದು ಹೇಳುವುದು. ಇನ್ನೊಂದು ಗಾಡಿಯ ಹೊಟ್ಟೆಯಲ್ಲಿ ನೀರು ಏರಿದೆ ಎಂದು ಹೇಳುವುದು.

"ಯೆ ಬತ್ತಿ ಜಲೇ ತೋ ವಾಪಸ್. ಸಮಝೆ?" ಎಂದ ಹವಾಲ್ದಾರ. ಈ ದೀಪ ಹತ್ತಿದರೆ ಹಿಂದಕ್ಕೆ ತಿರುಗು ಎಂದು ಕೈಯಲ್ಲೂ ತೋರಿಸಿದ.

"ಹಾಂ ಸಾಬ್," ಎಂದ ಬೀರಯ್ಯ. ಬೆರಳು ಯಾವ ದೀಪದ ಮೇಲಿತ್ತು ಎಂಬುದನ್ನು ಅವನು ನೋಡಿರಲಿಲ್ಲ. ದಂಡೆಯಲ್ಲಿ ನಿಂತ ಜನ ತನ್ನನ್ನು ನೋಡುತ್ತಿರುವುದನ್ನು ನೋಡುತ್ತಿದ್ದ.

ಹವಾಲ್ದಾರ ಹೋದ. ಗಾಡಿಯ ಉಸ್ತುವಾರಿಗೆ ರಾಯಚೂರು ಕಡೆಯ ಓವರ್ಸಿಯರ್ ಶರಣಯ್ಯನವರು ಬಂದರು. ಗಾಡಿ ತೊಳೆದು, ಎಣ್ಣೆ ಹಾಕಿ, ಹೊಟ್ಟೆಯ ತೂಬುಗಳಿಗೆ ಬಿರಡೆ ಬಿಗಿದು ನೋಡಿಕೊಳ್ಳಲು ಗದ್ವಾಲದ ನರಸಿಂಹುಲು ಎಂಬ ಹೆಲ್ಪರನನ್ನು ಇಟ್ಟರು. ನರಸಿಂಹುಲು ತೆಲುಗಿನವನು, ಕನ್ನಡ ಚೆನ್ನಾಗಿಯೇ ಮಾತಾಡುತ್ತಿದ್ದ. ಬೀರಯ್ಯ ಖಾಕಿ ಹಾಕಿದ, ಮೀಸೆ ತಿರುವಿದ. ಹರಿಗೋಲಿನಲ್ಲಿ ಹುಟ್ಟು ಹಾಕುತ್ತಿದ್ದ ಅಯ್ಯಣ್ಣನನ್ನು ದಾಟಿ ಹೋಗುವಾಗ ಬೇಕೆಂದೇ ಹಾರ್ನ್ ಹೊಡೆಯುತ್ತಿದ್ದ. ಗಾಡಿಯ ಅಲೆಗೆ ಹರಿಗೋಲು ಗರಗರ ತಿರುಗುತ್ತಿತ್ತು. ಮುದುಕ ಒಳಗೆ ನುಗ್ಗಿದ ನೀರನ್ನು ಮೊಗೆದು ಹೊರಗೆ ಚೆಲ್ಲುತ್ತಿದ್ದ.

ಬೀರಯ್ಯನ ಮೊದಲ ಮಾನಭಂಗ ಆದದ್ದು ಒಂದು ಸಂಜೆ. ಹೊಸದಾಗಿ ಬಂದ ಒಬ್ಬ ಅಧಿಕಾರಿಯನ್ನು ಗದ್ವಾಲದ ಕಡೆಗೆ ದಾಟಿಸುತ್ತಿದ್ದ. ಕತ್ತಲಾಗುತ್ತ ಬಂದಿದ್ದರಿಂದ ಮುಂದಿನ ದೀಪ ಹಾಕಿದ್ದ. ನಡುಹೊಳೆಯಲ್ಲಿ ಸೆಳವಿಗೆ ಕಾಲು ಊರಿಕೊಂಡಾಗ ಪಾದದ ಕೆಳಗಿದ್ದ ದೀಪದ ಗುಂಡಿ ಒತ್ತಿತು. ದೊಡ್ಡ ದೀಪ ಇನ್ನೂ ದೂರಕ್ಕೆ ಚಾಚಿತು. ಅದರ ಜೊತೆಗೆ ಹಲಗೆಯ ಮೇಲೆ ಒಂದು ಕೆಂಪು ದೀಪ ಹತ್ತಿತು.

"ನೀರು ಬಂತು! ನೀರು ಬಂತು!" ಎಂದು ಕೂಗಿ ಗಾಡಿಯನ್ನು ಗರಕ್ಕನೆ ತಿರುಗಿಸಿದ. ಹಿಂದೆ ಕೂತವರು ಬಾಯಿ ಬಾಯಿ ಬಡಿದುಕೊಂಡರು. ಅಧಿಕಾರಿ ಏಳಲು ಹೋಗಿ ಜೋಲಿ ತಪ್ಪಿ ಯಾರದೋ ಮೊಸರಿನ ಗಡಿಗೆಯ ಮೇಲೆ ಕೂತರು. ದಂಡೆ ಮುಟ್ಟಿದ ಮೇಲೆ ಶರಣಯ್ಯನವರು ಓಡಿ ಬಂದು ತಳದ ಹಲಗೆ ಎತ್ತಿ ನೋಡಿದರೆ ಒಳಗೆ ಹನಿ ನೀರಿಲ್ಲ.

"ಇದು ಹೆಡ್‌ಲೈಟಿನ ದೀಪ ಅಲ್ಲೇನೋ," ಎಂದರು ಶರಣಯ್ಯ. "ಮ್ಯಾಲಿಂದು ಹೆಡ್‌ಲೈಟು, ಕೆಳಗಿಂದು ನೀರು. ಹವಾಲ್ದಾರ ಹೇಳಿರಲಿಲ್ಲೇನು?"

ಬೀರಯ್ಯನಿಗೆ ಹೆಡ್‌ಲೈಟು ಎಂಬುದಷ್ಟೇ ಕೇಳಿಸಿತು, ಯಾವುದು ಮೇಲೆ ಯಾವುದು ಕೆಳಗೆ ಎಂಬುದು ತಲೆಗೆ ಹೋಗಲಿಲ್ಲ. ಅವನ ಕಿವಿಯ ತುಂಬ ಜನರ ನಗೆ ಇತ್ತು. ಅಧಿಕಾರಿ ಅಂಗಿ ಒರೆಸಿಕೊಳ್ಳುತ್ತ, "ಕೆಂಪು ದೀಪ ಕಂಡರೆ ಇವನಿಗೆ ಉಚ್ಚೆ ಬರುತ್ತೆ ಅಂತ ಕಾಣುತ್ತೆ," ಎಂದರು. ಜನ ಇನ್ನೂ ಜೋರಾಗಿ ನಕ್ಕರು. ಅಂದಿನಿಂದ ರೇವಿನ ಚಹದಂಗಡಿಯಲ್ಲಿ ಅವನು ಬಂದರೆ ಸಾಕು, ಯಾರಾದರೂ ಮೂಲೆಯಿಂದ "ನೀರು ಬಂತು!" ಎನ್ನುತ್ತಿದ್ದರು. ಅವನು ಚಹ ಬಿಟ್ಟ.

ಮರುದಿನ ಶರಣಯ್ಯನವರ ಹತ್ತಿರ ಹೋಗಿ, ಸಾಹೇಬ್ರ, ಇನ್ನೊಮ್ಮೆ ತೋರಸ್ರಿ ಎಂದು ಕೇಳಿದ್ದರೆ ಆಗುತ್ತಿತ್ತು. ಕೇಳುವುದೆಂದರೆ ತನಗೆ ಗೊತ್ತಿರಲಿಲ್ಲ ಎಂದು ಒಪ್ಪಿಕೊಂಡಂತೆ. ಬೀರಯ್ಯ ಕೇಳಲಿಲ್ಲ. ಅದರ ಬದಲು ಆ ದೀಪಗಳ ಕಡೆ ನೋಡುವುದನ್ನೇ ಬಿಟ್ಟ. ದಸರೆಯಲ್ಲಿ ಎಲ್ಲರೂ ಆಯುಧ ಪೂಜೆ ಮಾಡುವಾಗ ಅವನು ಮೈಲಾರನ ಭಂಡಾರ ತಂದು, ಅರಿಸಿನವನ್ನು ನೀರಲ್ಲಿ ಕಲಸಿ ಹಲಗೆಗೆಲ್ಲ ಬಳಿದ. ಎರಡು ದೀಪಗಳ ಮೇಲೆ ಬೇರೆಡೆಗಿಂತ ದಪ್ಪಗೆ ಬಳಿದ.

"ದೀಪದ ಮ್ಯಾಲ ಬ್ಯಾಡಣ್ಣ," ಎಂದ ನರಸಿಂಹುಲು. "ಹತ್ತಿದ್ರ ಕಾಣಂಗಿಲ್ಲ."

"ದೇವರ ಭಂಡಾರಕ್ಕ ಅಡ್ಡ ಮಾತಾಡ್ತೀಯೇನೋ?" ಎಂದು ಬೀರಯ್ಯ ಕಣ್ಣು ಕೆಂಪಗೆ ಮಾಡಿದ. ನರಸಿಂಹುಲು ಗಾಲಿ ತೊಳೆಯಲು ಹೋದ. ದೇವರ ಹೆಸರು ಬಂದ ಮೇಲೆ ಶರಣಯ್ಯನವರೂ ಒರೆಸು ಎನ್ನಲಿಲ್ಲ.

ದಸರೆ ಮುಗಿದ ಮೇಲೆ ಕುರುಬರು ಹೊಳೆ ದಾಟಿ ಎರಡು ಹೊಳೆಗಳ ನಡುವಿನ ಗದ್ವಾಲದ ನಡಿಗಡ್ಡೆಯ ಹೊಲಗಳಿಗೆ ಹಿಂಡು ಹೊಡೆದುಕೊಂಡು ಹೋಗುವುದು ವಾಡಿಕೆ. ಆ ವರ್ಷ ಕಾಳಪ್ಪನೂ ಹೊರಟ. ಪ್ರತಿ ಸಲ ಹರಿಗೋಲಿಗೆ ನಾಲ್ಕಾರು ಕುರಿಯಂತೆ ಇಡೀ ದಿನ ದಾಟಿಸಬೇಕಿತ್ತು. ಹಿಂದಿನ ಸಂಜೆಯೇ ರೇವಿಗೆ ಬಂದು ಇಳಿದ ಅಣ್ಣನಿಗೆ ಬೀರಯ್ಯ ಹೇಳಿದ, "ಹರಿಗೋಲು ಯಾಕಣ್ಣ? ನನ್ನ ಗಾಡ್ಯಾಗ ಅರ್ಧ ಹಿಂಡು ಒಮ್ಮಿಗೇ ಹೋಕ್ಕೈತಿ. ಎರಡು ಸಲಕ್ಕ ಎಲ್ಲಾ ಮುಗೀತು."

ಕಾಳಪ್ಪ ಗಡ್ಡ ಕೆರೆದುಕೊಂಡ. "ಕುರಿ ಬೆದರ್ತಾವ ತಮ್ಮ."

"ಅಯ್ಯ, ನಾ ಇರಂಗಿಲ್ಲೇನು?"

ಅಣ್ಣನ ಮುಂದೆ ಮೆರೆಯುವ ಆಸೆ ಅದು. ಕುರಿ ಬಿಟ್ಟು ಹೋದ ತಮ್ಮ ಏನಾಗಿದ್ದಾನೆ ನೋಡು ಎಂದು ತೋರಿಸಬೇಕಿತ್ತು. ನರಸಿಂಹುಲು ಆ ಸಂಜೆ ಗಾಡಿ ತೊಳೆದು, ಒಳಗೆ ನಿಂತ ನೀರು ಹರಿದುಹೋಗಲೆಂದು ತೂಬಿನ ಬಿರಡೆಗಳನ್ನು ಬಿಚ್ಚಿದ್ದ. ಅಷ್ಟರಲ್ಲಿ ಹೆಂಡತಿಗೆ ಹೆರಿಗೆ ನೋವು ಎಂದು ಗದ್ವಾಲದಿಂದ ಸುದ್ದಿ ಬಂತು. ಅವನು ಅಯ್ಯಣ್ಣನ ಹರಿಗೋಲು ಹತ್ತುವ ಮುಂಚೆ ಬೀರಯ್ಯನ ಹತ್ತಿರ ಓಡಿ ಬಂದ.

"ಅಣ್ಣಾ, ಬಿರಡಿ ಬಿಚ್ಚೀನಿ. ಒಳಗಿನ ನೀರು ಇಳೀಲಿ. ಮುಂಜಾನೆ ನೀ ಮುಚ್ಚಿ ಇಳಿಸು."

"ನನಗ ಕಲಸ್ತೀಯೇನೋ? ಹೋಗು, ಹೆಂಡ್ತಿ ಕಡೆ ನೋಡು," ಎಂದ ಬೀರಯ್ಯ. ಸಿಟ್ಟಿನಿಂದಲ್ಲ, ಪ್ರೀತಿಯಿಂದಲೇ ಹೇಳಿದ.

ಮುಂಜಾನೆ ರೇವಿನ ತುಂಬ ಕುರಿಗಳ ಬ್ಯಾ ಬ್ಯಾ. ಹಲಗೆ ಹಾಸಿ ಒಂದೊಂದನ್ನೇ ಹತ್ತಿಸುವುದು, ಬೆದರಿದವನ್ನು ಎತ್ತಿ ಹಾಕುವುದು, ತಾಯಿ ಒಂದು ಕಡೆ ಮರಿ ಒಂದು ಕಡೆ ಆದರೆ ಹುಡುಕಿ ಕೂಡಿಸುವುದು. ಬೀರಯ್ಯ ಖಾಕಿ ಅಂಗಿಯಲ್ಲೇ ನಿಂತು ಎಲ್ಲರಿಗೂ ಹುಕುಂ ಮಾಡಿದ. ಕುಲದೇವರು ಬೀರಪ್ಪನ ಹೆಸರಿಗೆ ಬಿಟ್ಟ ಟಗರನ್ನು ಎಲ್ಲಕ್ಕಿಂತ ಮುಂದೆ ನಿಲ್ಲಿಸಿದ. ಕುರಿಗಳ ಜೊತೆ ಅತ್ತಿಗೆ ಅಮರಮ್ಮ ಹತ್ತಿದಳು, ಡ್ರೈವರನ ಪಕ್ಕದಲ್ಲೇ ಕೂತಳು. ಉಳಿದರ್ಧ ಹಿಂಡಿನ ಜೊತೆ ಕಾಳಪ್ಪ ದಂಡೆಯಲ್ಲಿ ನಿಂತ. ಬಿರಡೆಯ ಮಾತು ಬೀರಯ್ಯನ ತಲೆಯಿಂದ ಪೂರ್ತಿ ಅಳಿಸಿಹೋಗಿತ್ತು.

ಗಾಡಿ ನೀರಿಗಿಳಿಯಿತು. ಅಮರಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಅಯ್ಯ ನಮ್ಮವ್ವ, ತೇಲ್ತದಲ್ಲೋ ಬೀರಯ್ಯ!"

ಈ ಗಾಡಿಗೆ ಒಳಗೆ ಬಂದ ನೀರನ್ನು ತಾನೇ ಹೊರಗೆ ಉಗುಳುವ ಪಂಪು ಇತ್ತು. ಬಿರಡೆ ತೆರೆದಿದ್ದರೂ ಅದು ಸ್ವಲ್ಪ ಹೊತ್ತು ತಡೆಯುತ್ತಿತ್ತು. ಆದರೆ ಹಿಕ್ಕೆ, ಉಣ್ಣೆ, ಹುಲ್ಲು ಎಲ್ಲ ತಳಕ್ಕಿಳಿದು ಪಂಪಿನ ಬಾಯಿಗೆ ಕಟ್ಟಿಕೊಂಡವು. ನಡುಹೊಳೆಗೆ ಇನ್ನೂ ಸ್ವಲ್ಪ ದೂರವಿರುವಾಗಲೇ ಹಲಗೆಯ ಮೇಲೆ ಬಳಿದ ಅರಿಸಿನದ ಅಡಿಯಲ್ಲಿ ಏನೋ ಮಿನುಗಿತು.

"ಬೀರಯ್ಯ, ಅಲ್ಲೇನೋ ಕೆಂಪಗ ಹತ್ತೈತಿ," ಎಂದಳು ಅಮರಮ್ಮ.

ಬೀರಯ್ಯ ನೋಡಿದ. ಭಂಡಾರದ ಪದರದ ಹಿಂದೆ ಆ ಬೆಳಕು ಕೆಂಡದಂತೆ ಮಂಕಾಗಿತ್ತು. ಮೇಲಿನದೋ ಕೆಳಗಿನದೋ? ಎರಡೂ ಸೇರಿ ಒಂದೇ ಹಳದಿ ಮುದ್ದೆಯಾಗಿದ್ದವು. ಹಗಲು ಹೊತ್ತು, ಮುಂದಿನ ದೀಪ ತಾನು ಹಾಕಿಲ್ಲ ಎಂಬುದೂ ಅವನ ಮನಸ್ಸಿಗೆ ಬಂತು. ಅದೇ ಕ್ಷಣದಲ್ಲಿ ಹಿಂದಿನ ಸಲದ ನಗೆಯೂ ಬಂತು. ದಂಡೆಯಲ್ಲಿ ಅಣ್ಣ ನಿಂತಿದ್ದಾನೆ, ಚಹದಂಗಡಿಯ ಮುಂದೆ ಮಂದಿ ನಿಂತಿದ್ದಾರೆ. ಅರ್ಧ ಹೊಳೆಯಿಂದ ತಿರುಗಿದರೆ?

"ಅದು ಹೆಡ್‌ಲೈಟಿಂದು ಅತ್ತಿಗಿ. ಏನಿಲ್ಲ," ಎಂದ. ಗಾಡಿ ಭಾರವಾಗಿ, ಕೆಸರಲ್ಲಿ ಕಾಲಿಟ್ಟ ಎತ್ತಿನಂತೆ ಎಳೆಯುತ್ತಿರುವುದು ಅವನ ಮೈಗೇ ತಿಳಿಯುತ್ತಿತ್ತು. ಆದರೂ ಮುಂದಕ್ಕೇ ಹೋದ.

ಹಿಂದೆ ತಳದ ಹಲಗೆಗಳ ಸಂದಿನಿಂದ ನೀರು ಉಕ್ಕಿ ಕುರಿಗಳ ಕಾಲಿಗೆ ಬಂತು. ಕುರಿಗಳು ಒಮ್ಮೆಲೇ ಒಂದು ಬದಿಗೆ ಒತ್ತಿದವು. ಗಾಡಿ ಆ ಬದಿಗೆ ವಾಲಿತು, ಅಂಚಿನ ಮೇಲೆ ಹೊಳೆ ಒಳಗೆ ಬಂತು. ಬೀರಯ್ಯ ಆಗ ತಿರುಗಿಸಿದ. ಆಗ ತಿರುಗಿಸಿ ಏನು ಬಂತು? ಎಂಜಿನ್ ಕೆಮ್ಮಿ ಸತ್ತಿತು. ಗಾಡಿ ಸೆಳವಿಗೆ ಸಿಕ್ಕು ಜಾರಿ, ನಡುಹೊಳೆಯ ಬಂಡೆಗೆ ಮೂತಿ ಕೊಟ್ಟು, ಹಿಂಭಾಗ ಮುಳುಗಿ ನಿಂತಿತು. ಕುರಿಗಳು ಒಂದರ ಮೇಲೊಂದು ಬಿದ್ದು ನೀರಿಗೆ ಹೋದವು. ಉಣ್ಣೆ ನೀರು ಕುಡಿದರೆ ಕುರಿ ಈಜಲಾರದು.

ಅಮರಮ್ಮನನ್ನೂ ಬೀರಯ್ಯನನ್ನೂ ಬಂಡೆಯ ಮೇಲಿಂದ ಇಳಿಸಿಕೊಂಡವನು ಅಯ್ಯಣ್ಣ. ಅವನು, ಅವನ ದಾಯಾದಿಗಳು ಹರಿಗೋಲು ಬಿಟ್ಟುಕೊಂಡು ಸಿಕ್ಕ ಕುರಿಗಳ ಕಿವಿ ಕೊಂಬು ಹಿಡಿದು ಎಳೆದು ಹಾಕಿಕೊಂಡರು. ಸಿಕ್ಕಿದ್ದು ಸ್ವಲ್ಪ. ದೇವರ ಟಗರು ಸಿಗಲಿಲ್ಲ. ಕಾಳಪ್ಪ ದಂಡೆಯ ಗುಂಟ ಕೆಳಕ್ಕೆ ಓಡುತ್ತಿದ್ದ. ಹಿಂಡನ್ನು ಕರೆಯುವ ತನ್ನ ಕೂಗನ್ನು ಕೂಗುತ್ತಿದ್ದ. ತೇಲಿಹೋಗುತ್ತಿದ್ದ ಕುರಿಗಳು ಆ ಕೂಗಿಗೆ ತಲೆ ತಿರುಗಿಸುತ್ತಿದ್ದವಂತೆ. ಇದನ್ನು ಅಯ್ಯಣ್ಣ ಮುಂದೆ ಯಾರಿಗೋ ಹೇಳಿದಾಗ ಬೀರಯ್ಯ ಅಲ್ಲಿಂದ ಎದ್ದು ಹೋದ.

ಗಾಡಿಯನ್ನು ಹಗ್ಗ ಕಟ್ಟಿ ಎತ್ತುಗಳಿಂದ ಎಳೆಸಿದರು. ಶರಣಯ್ಯನವರು ರೇವಿನ ಬೇವಿನ ಮರದ ಕೆಳಗೆ ಕೂತು ವಿಚಾರಣೆ ಮಾಡಿದರು. ಅಮರಮ್ಮ, ಕಾಳಪ್ಪ, ರೇವಿನ ಜನ ಸುತ್ತ ನಿಂತಿದ್ದರು. ಹಲಗೆಯ ಮೇಲಿನ ಭಂಡಾರವನ್ನು ಹೊಳೆ ತೊಳೆದು ಸ್ವಚ್ಛ ಮಾಡಿತ್ತು.

"ಬಿರಡಿ ಯಾಕ ತೆರದಿದ್ವು?" ಎಂದರು ಶರಣಯ್ಯ.

"ಅದು ನರಸಿಂಹುಲುನ ಕೆಲಸರಿ," ಎಂದ ಬೀರಯ್ಯ. "ಬಿಚ್ಚಿ ಹೋಗಿಬಿಟ್ಟಾನ್ರಿ. ನನಗ ಹೇಳಿಲ್ಲ."

"ದೀಪ ಹತ್ತಲಿಲ್ಲೇನು?"

ಬೀರಯ್ಯ ಅತ್ತಿಗೆಯ ಕಡೆ ನೋಡಲಿಲ್ಲ. "ಇಲ್ರಿ ಸಾಹೇಬ್ರ. ಹತ್ತಲಿಲ್ರಿ."

"ಏನವ್ವ, ನೀ ಮುಂದ ಕುಂತಿದ್ದೆಲ್ಲ? ಏನರ ದೀಪ ಕಂಡ್ಯಾ?"

ಅಮರಮ್ಮ ಸೆರಗು ತಲೆಯ ಮೇಲೆ ಎಳೆದುಕೊಂಡಳು. "ನನಗೇನ್ ತಿಳೀತೈತ್ರೀ, ಕುರಿ ಕಾಯೋರಿಗೆ," ಎಂದಳು.

ನರಸಿಂಹುಲುವಿನ ಕೆಲಸ ಹೋಯಿತು. ಹೆಂಡತಿ ಗಂಡು ಹೆತ್ತ ಸುದ್ದಿಯನ್ನು ಬೆಲ್ಲದ ಜೊತೆ ಹೇಳಲು ಬಂದವನಿಗೆ ರೇವಿನಲ್ಲಿ ಈ ಸುದ್ದಿ ಸಿಕ್ಕಿತು. ಬೀರಯ್ಯ ಗಾಡಿಯ ಅಡಿಯಲ್ಲಿ ಮಲಗಿ ಏನೋ ಬಿಗಿಯುವವನಂತೆ ನಟಿಸುತ್ತಿದ್ದ. ನರಸಿಂಹುಲು ಬಗ್ಗಿ ಅವನನ್ನು ನೋಡಿದ. "ನಾ ಹೇಳಿದ್ದೆನಲ್ಲಣ್ಣ," ಎಂದ. ಬೀರಯ್ಯ ಬಿಗಿದ ನಟ್ಟನ್ನೇ ಮತ್ತೆ ತಿರುವಿದ. ಬೆಲ್ಲದ ಪೊಟ್ಟಣವನ್ನು ಗಾಲಿಯ ಪಕ್ಕ ಇಟ್ಟು ನರಸಿಂಹುಲು ಹೋದ.

ಮಕ್ತಲ್ ಪಕ್ಕದ ಹಳ್ಳಿಯ ಮನೆಯಲ್ಲಿ ಯಾರೂ ಬೀರಯ್ಯನನ್ನು ಬಯ್ಯಲಿಲ್ಲ. ತಾಯಿ ಪೆಂಟಮ್ಮ ಅವನ ತಟ್ಟೆಗೆ ಎಂದಿನಂತೆ ರೊಟ್ಟಿ ಹಾಕಿದಳು. ಹಟ್ಟಿಯಲ್ಲಿ ಮರಿಗಳು ತಾಯಿಯಿಲ್ಲದೆ ಒದರುತ್ತಿದ್ದವು. ಅಮರಮ್ಮ ಬಟ್ಟೆಯ ತುದಿ ಹಾಲಲ್ಲಿ ಅದ್ದಿ ಒಂದೊಂದರ ಬಾಯಿಗೆ ಇಡುತ್ತಿದ್ದಳು. ಬೀರಯ್ಯ ಹತ್ತಿರ ಹೋಗಿ ಒಂದು ಮರಿಯನ್ನು ಎತ್ತಿಕೊಳ್ಳಲು ಕೈ ಚಾಚಿದ.

"ಬಿಡು," ಎಂದಳು ಅವಳು. ತಲೆ ಎತ್ತಲಿಲ್ಲ. "ನಮ್ಮ ಮನಿ ಮರ್ಯಾದಿ ಹೋಗಬಾರ್ದು ಅಂತ ಅವತ್ತು ಬಾಯಿ ಮುಚ್ಚೀನಿ. ಕುರಿ ಹೋದ್ವು, ಮತ್ತ ಹುಟ್ತಾವ. ಆದ್ರ ಆ ಬಾಣಂತಿ ಗಂಡನ್ನ ನೀ ಮನಿಗೆ ಕಳಿಸಿದಿ. ನಾನೂ ಕೂಡಿ ಕಳಿಸಿದ್ನಲ್ಲ, ಅದು ನನಗ ನುಂಗಾಕ ಆಗವಲ್ದು."

ಬೀರಯ್ಯ ಅಲ್ಲಿಂದ ನೇರ ಗದ್ವಾಲಕ್ಕೆ ಹೋದ, ಅಯ್ಯಣ್ಣನ ಹರಿಗೋಲಿನಲ್ಲಿ. ಕೋಟೆಯ ಹಿಂದಿನ ಓಣಿಯಲ್ಲಿ ಕೇಳಿಕೊಂಡು ನರಸಿಂಹುಲುವಿನ ಮನೆ ಮುಟ್ಟಿದ. ನರಸಿಂಹುಲು ಇರಲಿಲ್ಲ, ಕೂಲಿ ಹುಡುಕಲು ಹೋಗಿದ್ದ. ಅವನ ಹೆಂಡತಿ ಜಮ್ಮುಲಮ್ಮ ತಲೆಗೆ ಬಟ್ಟೆ ಕಟ್ಟಿಕೊಂಡು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಬಂದವನು ಯಾರೆಂದು ಅವಳಿಗೆ ತಿಳಿಯಲಿಲ್ಲ. ರೇವಿನಲ್ಲಿ ಗಂಡನ ಜೊತೆ ಕೆಲಸ ಮಾಡಿದವನಿರಬೇಕು ಎಂದುಕೊಂಡಳು.

"ಕೂಸೋ ಅನ್ನಾ, ಎಂಡಲೋ ವಚ್ಚಿನಾವು," ಎಂದು ತೆಲುಗಿನಲ್ಲಿ ಹೇಳಿ, ಬಿಸಿಲಲ್ಲಿ ಬಂದವನನ್ನು ಕೂರಿಸಿ ಒಂದು ಚೊಂಬು ನೀರು ಕೊಟ್ಟಳು. ಆಮೇಲೆ ತಾನೇ ಹೇಳಿಕೊಂಡಳು: ಗಂಡ ರಾತ್ರಿಯೆಲ್ಲ ನಿದ್ದೆ ಮಾಡುವುದಿಲ್ಲ, ಬಿರಡೆ ಮುಚ್ಚು ಎಂದು ನಾನು ಹೇಳಿದ್ದೆನೋ, ಹೇಳಿದ್ದೇನೆ ಎಂದು ಅಂದುಕೊಂಡೆನೋ ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ. "ನಿನಗೇನಾದರೂ ಗೊತ್ತಾ ಅಣ್ಣ, ಅವನು ಹೇಳಿದ್ದನಾ?"

ಬೀರಯ್ಯ ನೀರು ಅರ್ಧಕ್ಕೆ ಬಿಟ್ಟ. ನಿಜ ಹೇಳಲೆಂದೇ ಬಂದಿದ್ದ. ಚೊಂಬನ್ನು ಕೆಳಗಿಟ್ಟು, "ಹೇಳಿದ್ದ ತಾಯಿ," ಎಂದಷ್ಟೇ ಅಂದು ಎದ್ದುಬಿಟ್ಟ. ಯಾರಿಗೆ ಹೇಳಿದ್ದ ಎಂದು ಅವಳು ಹಿಂದಿನಿಂದ ಕೂಗಿ ಕೇಳಿದಳು. ಅವನು ಓಣಿಯ ತಿರುವು ದಾಟಿದ್ದ.

ಹೊಳೆ ದಾಟಿ ಈಚೆ ದಂಡೆಗೆ ಬರುವವರೆಗೂ ಆ ಪ್ರಶ್ನೆ ಬೆನ್ನಿಗೆ ಬಂತು. ರೇವಿನ ಬೇವಿನ ಮರದ ಕೆಳಗೆ ಶರಣಯ್ಯನವರು ಕೂತಿದ್ದರು, ಸುತ್ತ ನಾಲ್ಕು ಜನರೂ ಇದ್ದರು. ಒಬ್ಬರೇ ಸಿಗುವವರೆಗೆ ಕಾಯಬಹುದಿತ್ತು. ಕಾದರೆ ತಾನು ಮತ್ತೆ ಹೇಳಲಾರೆ ಎಂದು ಬೀರಯ್ಯನಿಗೆ ಗೊತ್ತಿತ್ತು.

"ಸಾಹೇಬ್ರ, ನರಸಿಂಹುಲು ನನಗ ಹೇಳಿದ್ದರಿ. ನಾ ಮರತೆ. ದೀಪಾನೂ ಹತ್ತಿತ್ತು. ಅತ್ತಿಗಿ ತೋರಿಸಿದ್ಲು. ಯಾವ ದೀಪ ಅಂತ ನನಗ ಗೊತ್ತಾಗಲಿಲ್ಲ. ಮಂದಿ ನಗ್ತಾರಂತ ನಾ ತಿರುಗಿಸಲಿಲ್ಲ."

ಯಾರೂ ನಗಲಿಲ್ಲ. ನಕ್ಕಿದ್ದರೆ ಸ್ವಲ್ಪ ಹಗುರಾಗುತ್ತಿತ್ತೇನೋ. ಶರಣಯ್ಯನವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ಗೊತ್ತಾಗಲಿಲ್ಲ ಅಂದ್ರ? ಎಷ್ಟ್ ದಿನದಿಂದ ಓಡಸಾಕತ್ತಿ ನೀ?"

"ಯಾವ ಮುಳ್ಳೂ ಗೊತ್ತಿಲ್ರಿ. ಇಂಗ್ಲಿಷು ನನಗ ಬರಂಗಿಲ್ಲ. ತಿಳೀದಿದ್ರೂ ಹವಾಲ್ದಾರಗ ಹಾಂ ಸಾಬ್ ಅಂದಿದ್ದೆ." ಬೀರಯ್ಯ ಖಾಕಿ ಟೋಪಿ ತೆಗೆದು ಅವರ ಕಾಲ ಬಳಿ ಇಟ್ಟ. "ನನ್ನ ತಗದುಹಾಕ್ರಿ."

ಶರಣಯ್ಯನವರ ಮುಖ ಕೆಂಪಾಯಿತು. "ತಗದುಹಾಕಿದ್ರ ನಿನಗ ಆರಾಮಾಗ್ತೈತಿ. ಹೋಗಿ ಕುರಿ ಕಾಯ್ತಿ. ನಾನು ಮತ್ತೊಬ್ಬ ಹಾಂ ಸಾಬ್ ಅನ್ನೋನ್ನ ತಂದು ಕೂರಸ್ಲೇನು? ಏಳು. ಗಾಡಿ ಹತ್ತು."

ಆ ಮಧ್ಯಾಹ್ನ ಇಬ್ಬರೂ ದಂಡೆಯಲ್ಲಿ ನಿಂತ ಗಾಡಿಯಲ್ಲಿ ಕೂತರು. ಶರಣಯ್ಯನವರು ಮೊದಲ ಬಿಲ್ಲೆಯ ಮೇಲೆ ಬೆರಳಿಟ್ಟರು.

"ಇದೇನು?"

"ಗೊತ್ತಿಲ್ರಿ."

"ಇದು?"

"ಗೊತ್ತಿಲ್ರಿ."

ಹಲಗೆಯ ಉದ್ದಕ್ಕೂ ಹಾಗೆಯೇ ಹೋಯಿತು. ಪ್ರತಿಯೊಂದಕ್ಕೂ ಗೊತ್ತಿಲ್ಲ ಎಂದು ಹೇಳಿಸಿ ಆಮೇಲೆ ಹೇಳಿಕೊಟ್ಟರು. ಮುಳ್ಳು ಎಲ್ಲಿದ್ದರೆ ಸರಿ, ಎಲ್ಲಿಗೆ ಹೋದರೆ ಎಂಜಿನ್ ನಿಲ್ಲಿಸಬೇಕು, ಮರಳಲ್ಲಿ ಏರುವಾಗ ಟಯರಿನ ಗಾಳಿ ಎಷ್ಟಕ್ಕೆ ಇಳಿಸಬೇಕು. ಕಡೆಗೆ ಮುಂದಿನ ದೀಪವನ್ನು ದೂರಕ್ಕೆ ಹಾಕಿ ಮೇಲಿನ ಕೆಂಪು ದೀಪ ಹತ್ತಿಸಿ ತೋರಿಸಿದರು. ಹೊಟ್ಟೆಯೊಳಗೆ ನೀರಿನೊಂದಿಗೆ ಏರುವ ತೇಲುಗುಂಡನ್ನು ಕೈಯಿಂದ ಎತ್ತಿ ಕೆಳಗಿನದನ್ನು ಹತ್ತಿಸಿದರು. ಆ ಕೆಳಗಿನ ದೀಪವನ್ನು ಬೀರಯ್ಯ ಬಹಳ ಹೊತ್ತು ನೋಡುತ್ತ ಕೂತ.

ನರಸಿಂಹುಲುವಿಗೆ ಶರಣಯ್ಯನವರು ತಾವೇ ಹೇಳಿ ಕಳಿಸಿದರು, ಕೆಲಸಕ್ಕೆ ಮರಳಿ ಬಾ ಎಂದು. ಅಷ್ಟರಲ್ಲಿ ಅವನಿಗೆ ಗದ್ವಾಲದ ಎಣ್ಣೆ ಗಿರಣಿಯಲ್ಲಿ ಕೆಲಸ ಸಿಕ್ಕಿತ್ತು. ಆ ಬಂಡಿಯೂ ಬೇಡ, ಆ ಮನುಷ್ಯನ ಮುಖವೂ ಬೇಡ ಎಂದು ಉತ್ತರ ಬಂತು. ಬೀರಯ್ಯ ಅದನ್ನು ಕೇಳಿ ತಲೆಯಾಡಿಸಿದ. ಅಣ್ಣನಿಗೂ ಹೋಗಿ ಎಲ್ಲ ಹೇಳಿದ. ಕಾಳಪ್ಪ ಕಂಬಳಿಯ ನೂಲು ಬಿಡಿಸುತ್ತ ಕೂತಿದ್ದ.

"ನನಗ ಅವತ್ತೇ ಗೊತ್ತಾತು ತಮ್ಮ. ಗಾಡಿ ಭಾರಾಗಿ ಕುಂತಿದ್ದು ದಂಡಿಗೆ ನಿಂತಾಂವಗ ಕಾಣತಿತ್ತು. ತಿರುಗ್ತಾನ, ಈಗ ತಿರುಗ್ತಾನ ಅಂತ ನೋಡ್ಕೋಂತ ನಿಂತೆ," ಎಂದ. ಪ್ರತಿ ಬೇಸಿಗೆಯಲ್ಲಿ ಹೊಳೆ ಇಳಿದು ಗಾಡಿ ನಿಂತಾಗ ಬೀರಯ್ಯ ಊರಿಗೆ ಬಂದು, ಯಾರೂ ಕರೆಯದಿದ್ದರೂ, ಅಣ್ಣನ ಹಿಂಡಿನ ಹಿಂದೆ ನಡೆದ.

ರೇವಿನಲ್ಲಿ ಅವನು ಬೇರೆ ಮನುಷ್ಯನಾದ. ಗಾಡಿ ನೀರಿಗಿಳಿಸುವ ಮುಂಚೆ ಬಿರಡೆಗಳನ್ನು ತಾನೇ ಕೈಯಿಂದ ಮುಟ್ಟಿ ನೋಡುತ್ತಿದ್ದ. ಆಮೇಲೆ ಸೀಟಿನಲ್ಲಿ ಕೂತು ಹಲಗೆಯನ್ನು ಗಟ್ಟಿಯಾಗಿ ಓದುತ್ತಿದ್ದ: "ಎಣ್ಣಿ ಸರಿ ಐತಿ. ಕಾವು ಸರಿ ಐತಿ. ಬ್ಯಾಟರಿ ಸರಿ ಐತಿ. ಕೆಳಗಿನ ದೀಪ ಹತ್ತಿಲ್ಲ." ಪಕ್ಕ ಕೂತವರು ಯಾರೇ ಆಗಲಿ, ತಹಶೀಲ್ದಾರರಾಗಲಿ ಮೆಣಸಿನಕಾಯಿ ಮಾರುವವಳಾಗಲಿ, ಅವರಿಗೆ ಆ ದೀಪವನ್ನು ತೋರಿಸಿ ಹೇಳುತ್ತಿದ್ದ, "ಇದು ಕೆಂಪಗಾದ್ರ ಒದರ್ರಿ. ನಾ ಅರ್ಧ ಹೊಳ್ಯಾಗಿಂದ ಬೇಕಾದ್ರೂ ತಿರುಗ್ತೀನಿ." ಮೊದಮೊದಲು ಜನ ನಕ್ಕರು. ಅವನು ಎರಡು ಸಲ ನಿಜವಾಗಿಯೂ ತಿರುಗಿದ. ಒಂದು ಸಲ ಹಳೆಯ ಕೀಲು ಸೋರುತ್ತಿತ್ತು, ಇನ್ನೊಂದು ಸಲ ಏನೂ ಇರಲಿಲ್ಲ. ಏನೂ ಇಲ್ಲದಾಗ ಯಾರೋ "ನೀರು ಬಂತು!" ಎಂದರು. ಬೀರಯ್ಯ ಮುಖ ತಗ್ಗಿಸದೆ ಇಳಿದು ಬಿರಡೆಗಳನ್ನು ಮತ್ತೆ ಮುಟ್ಟಿ ನೋಡಿದ. ಆ ಕುರಿಗಳ ವಿಷಯ ಎತ್ತಿ, ಹೆಲ್ಪರ್ ಬಿರಡೆ ಮುಚ್ಚಿರಲಿಲ್ಲವಂತೆ ಎಂದು ಯಾರಾದರೂ ಅಂದರೆ ಮಾತ್ರ, ಗಾಡಿ ನಿಲ್ಲಿಸಿ ಹೇಳುತ್ತಿದ್ದ, "ಹೆಲ್ಪರ್ ಅಲ್ಲ. ನಾನು."

ಹೀಗೆ ಕೆಲವು ವರ್ಷ ನಡೆಯಿತು. ಬಿಡಿಭಾಗ ಸಿಗದೆ ಗಾಡಿ ಓಡುವ ದಿನಕ್ಕಿಂತ ನಿಂತ ದಿನಗಳೇ ಹೆಚ್ಚಾದವು. ಭಾಷೆಯ ಮೇಲೆ ರಾಜ್ಯ ಒಡೆದು ರಾಯಚೂರು ಕನ್ನಡದ ಕಡೆ, ಮಕ್ತಲ್ ತೆಲುಗಿನ ಕಡೆ ಆಗುವ ಮಾತು ಎಲ್ಲರ ಬಾಯಲ್ಲಿದ್ದ ಕಾಲ. ಶರಣಯ್ಯನವರು ವರ್ಗವಾಗಿ ಹೋದರು. ಒಂದು ದಿನ ಗದ್ವಾಲದ ದಂಡೆಯಲ್ಲಿ ಬೀರಯ್ಯ ಜನ ತುಂಬಿಸಿಕೊಳ್ಳುತ್ತಿದ್ದಾಗ ನರಸಿಂಹುಲು ಬಂದ. ಜೊತೆಗೆ ಜಮ್ಮುಲಮ್ಮ, ಬಗಲಲ್ಲಿ ಹೊಸ ಹೆಣ್ಣು ಕೂಸು, ಪಕ್ಕದಲ್ಲಿ ಓಡಾಡುವ ಗಂಡು ಮಗ. ಮಕ್ತಲ್ ಕಡೆ ನಂಟರ ಮದುವೆಗೆ ಹೊರಟಿದ್ದರು. ಗಾಡಿಯಲ್ಲಿ ಜಾಗ ಇತ್ತು. ನರಸಿಂಹುಲು ಗಾಡಿಯನ್ನು ನೋಡಿದ, ಡ್ರೈವರನನ್ನು ನೋಡಿದ, ತಿರುಗಿ ಹರಿಗೋಲಿನ ಕಡೆ ನಡೆದ.

ಬೀರಯ್ಯ ಗಾಡಿಯಿಂದ ಇಳಿದ. ಮುದಿ ಅಯ್ಯಣ್ಣನಿಗೆ ಈಗ ಹರಿಗೋಲು ಒಂದೇ ಕೈಯಲ್ಲಿ ಹಿಡಿದು ನಿಲ್ಲಿಸಲು ಆಗುತ್ತಿರಲಿಲ್ಲ, ಅದು ಜನ ಹತ್ತುವಾಗ ಹೊಯ್ದಾಡುತ್ತಿತ್ತು. ಬೀರಯ್ಯ ಮೊಣಕಾಲುದ್ದ ನೀರಿಗಿಳಿದು ಅದರ ಅಂಚನ್ನು ಎರಡೂ ಕೈಯಿಂದ ಹಿಡಿದ. ಜಮ್ಮುಲಮ್ಮ ಹತ್ತಿದಳು. ಮಗ ಹತ್ತಿದ. ನರಸಿಂಹುಲು ಹೆಂಡತಿಯಿಂದ ಮೊದಲೇ ತೆಗೆದುಕೊಂಡಿದ್ದ ಕೂಸನ್ನು ಹಿಡಿದು ಒಂದು ಗಳಿಗೆ ನಿಂತ. ಕೂಸು ಹಿಡಿದುಕೊಂಡು ಹತ್ತಲಾಗುತ್ತಿರಲಿಲ್ಲ. ಜಮ್ಮುಲಮ್ಮ ಆಚೆ ಅಂಚಿನಲ್ಲಿ ಮಗನನ್ನು ಹಿಡಿದು ಕೂತಿದ್ದಳು, ಕೈಗೆಟುಕುವಷ್ಟು ಹತ್ತಿರ ಬೇರೆ ಯಾರೂ ಇರಲಿಲ್ಲ.

ಕೂಸನ್ನು ಬೀರಯ್ಯನ ಕೈಗೆ ಕೊಟ್ಟ. ಬೀರಯ್ಯ ಹರಿಗೋಲಿಗೆ ಸೊಂಟ ಆನಿಸಿ ನಿಲ್ಲಿಸಿ, ಕೂಸನ್ನು ಎದೆಗೆ ಹಿಡಿದುಕೊಂಡ. ನರಸಿಂಹುಲು ಹತ್ತಿ ಕೂತು ಕೈ ಚಾಚಿದ. ಬೀರಯ್ಯ ಕೊಟ್ಟ. ಅಯ್ಯಣ್ಣ ಹುಟ್ಟು ಹಾಕಿದ.

ಬೀರಯ್ಯ ತನ್ನ ಗಾಡಿಯನ್ನು ಆಗಲೇ ನೀರಿಗೆ ಇಳಿಸಲಿಲ್ಲ. ಕಾದಿದ್ದ ಜನ ಹೊತ್ತಾಯಿತು ಎಂದು ಗೊಣಗಿದರು. ಹರಿಗೋಲು ಆಚೆ ದಂಡೆ ಮುಟ್ಟಿ, ಅದರಿಂದ ಎಲ್ಲರೂ ಇಳಿದು, ದಾರಿ ಹಿಡಿದು ಹೋಗುವವರೆಗೂ ಅವನು ಒದ್ದೆ ಕಾಲಲ್ಲಿ ನಿಂತೇ ಇದ್ದ.